ದಮ್ಮು ಸೋತಾಗ ಹಾಡು ಎಲ್ಲಿರುತ್ತದೆ? ಭೀಮಸೇನ ಜೋಶಿಯವರ ಕೊನೆಯ ವರ್ಷಗಳು

2007ರ ಡಿಸೆಂಬರ್. ಪುಣೆಯ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಅದು 55ನೇ ವರ್ಷ. ಗುರುವಿನ ನೆನಪಿಗೆಂದು 1953ರಲ್ಲಿ ಅದನ್ನು ಶುರು ಮಾಡಿ, ದಶಕಗಟ್ಟಲೆ ತಾವೇ ಮುಂದೆ ನಿಂತು ನಡೆಸಿ, ಕೊನೆಯ ಕಛೇರಿಯನ್ನೂ ತಾವೇ ಹಾಡಿ ಮುಗಿಸುತ್ತಿದ್ದವರು ಭೀಮಸೇನ ಜೋಶಿ. ಈ ಹೊತ್ತಿಗೆ ಅವರಿಗೆ 85 ತುಂಬಿತ್ತು. 1999ರಲ್ಲಿ ಮಿದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಆಗಿತ್ತು. 2005ರಲ್ಲಿ ಕತ್ತಿನ ಬೆನ್ನುಮೂಳೆಗೆ ಇನ್ನೊಂದು. ಅದಾದ ಮೇಲೆ ಕಛೇರಿ ನಿಂತಿತ್ತು. ಆದರೂ ಆ ವರ್ಷ ಅವರು ಬಂದು ಕೂತರು, ಹಾಡಿದರು.

ದೊಡ್ಡ ಗಾಯಕರ ಕೊನೆಗಾಲದ ಹಾಡಿನ ಮಾತು ಬಂದಾಗಲೆಲ್ಲ ಕೇಳುಗರು ಎರಡು ಬಣ ಆಗುತ್ತಾರೆ. ಆ ದನಿಯನ್ನು ಸೋತ ಸ್ಥಿತಿಯಲ್ಲಿ ಕೇಳಬಾರದು, ಹಳೆಯ ಧ್ವನಿಮುದ್ರಣಗಳಿವೆಯಲ್ಲ ಅನ್ನುವವರು ಒಂದು ಕಡೆ. ಕಾಯಿಲೆಯನ್ನು ಗೆದ್ದ ಪವಾಡ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಅವಸರದ ತೀರ್ಪು ಅನಿಸುತ್ತದೆ. ಕಾಯಿಲೆ ಹಾಡನ್ನು ಇಡಿಯಾಗಿ ಒಮ್ಮೆಲೇ ನುಂಗುವುದಿಲ್ಲ. ಅದು ಅಂಚಿನಿಂದ ತಿನ್ನುತ್ತ ಬರುತ್ತದೆ, ಆ ತಿನ್ನುವಿಕೆಗೆ ಒಂದು ಕ್ರಮ ಇದೆ. ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ ಅನ್ನುವುದು ಗೊತ್ತಾದರೆ ಭೀಮಣ್ಣನ (ನಮ್ಮ ಕಡೆ ಅವರನ್ನು ಹಾಗೇ ಕರೆಯುವುದು) ಕೊನೆಯ ವರ್ಷಗಳು ಬೇರೆ ಥರ ಕೇಳಿಸತೊಡಗುತ್ತವೆ.

ಮೊದಲು ದೇಹದ ಲೆಕ್ಕ. ಹಾಡಲು ಬೇಕಾದದ್ದು ನಾಲ್ಕು: ಗಾಳಿ ಒದಗಿಸುವ ಪುಪ್ಪುಸ, ಕಂಪಿಸುವ ಧ್ವನಿತಂತು, ಆ ಕಂಪನವನ್ನು ದನಿಯಾಗಿ ತುಂಬಿಸುವ ಗಂಟಲು-ಬಾಯಿ-ಮೂಗಿನ ಪೊಳ್ಳು, ಇವು ಮೂರನ್ನೂ ಆಡಿಸುವ ಮಿದುಳು ಮತ್ತು ನರ. ಧ್ವನಿತಂತು ಅನ್ನುವುದು ತಂತಿಯಲ್ಲ, ಎರಡು ಮೆತ್ತನೆಯ ಮಡಿಕೆ. ಗಂಡಸರಲ್ಲಿ ಸುಮಾರು ಎರಡು ಸೆಂಟಿಮೀಟರ್ ಉದ್ದ, ಅಷ್ಟೇ. ಅನೇಕ ಗಂಡು ಗಾಯಕರು ಹಿಡಿಯುವ ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಮಧ್ಯ ಷಡ್ಜ, ಅಂದರೆ ನಡುವಿನ ಸಾ ಹಚ್ಚಿದಾಗ ಆ ಮಡಿಕೆಗಳು ಸೆಕೆಂಡಿಗೆ ಹತ್ತಿರಹತ್ತಿರ 139 ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ಮೇಲಿನ ಸಾ, ಅಂದರೆ ತಾರ ಷಡ್ಜಕ್ಕೆ ಹೋದರೆ ಅದರ ಎರಡರಷ್ಟು. ಹೀಗೆ ಮೂರು ತಾಸು.

ಗಾಳಿಯ ವಿಷಯ ಇನ್ನೂ ಸ್ವಾರಸ್ಯದ್ದು. ಸುಮ್ಮನೆ ಕೂತಾಗ ನಾವು ಒಂದು ಉಸಿರಿಗೆ ಎಳೆಯುವುದು ಅರ್ಧ ಲೀಟರ್ ಗಾಳಿ. ಎಳೆಯಲು ಹಿಡಿಯುವ ಹೊತ್ತಿಗೂ ಬಿಡಲು ಹಿಡಿಯುವ ಹೊತ್ತಿಗೂ ಅಂಥ ಅಂತರವಿಲ್ಲ. ಹಾಡುವಾಗ ಈ ಲೆಕ್ಕ ಪೂರ್ತಿ ಬುಡಮೇಲು. ಕ್ಷಣಾರ್ಧದಲ್ಲಿ ಎಳೆದುಕೊಂಡ ಗಾಳಿಯನ್ನು ಹತ್ತು-ಹದಿನೈದು ಸೆಕೆಂಡು ಎಣಿಸಿ ಎಣಿಸಿ ಖರ್ಚು ಮಾಡಬೇಕು. ಎದೆಗೂಡಿನ ಸ್ನಾಯುಗಳೂ ಎದೆಯ ಕೆಳಗಿನ ಉಸಿರಾಟದ ಸ್ನಾಯುವಾದ ವಪೆಯೂ ಇಲ್ಲಿ ಗಾಳಿಯನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ತಡೆದು ಹಿಡಿಯುತ್ತವೆ, ಇಳಿಜಾರಿನಲ್ಲಿ ಗಾಡಿಗೆ ಬ್ರೇಕ್ ಹಾಕಿ ಇಳಿಸಿದಂತೆ. ಕಾರು ಅಂದರೆ ಪ್ರಾಣ ಬಿಡುತ್ತಿದ್ದ, ಅದರ ಯಂತ್ರದ ಒಳಹೊರಗು ಬಲ್ಲ ಭೀಮಸೇನರಿಗೆ ಈ ಹೋಲಿಕೆ ಹಿಡಿಸುತ್ತಿತ್ತೇನೋ.

ಅವರ ನಡುವಯಸ್ಸಿನ ಮುದ್ರಣಗಳಲ್ಲಿ ಕೇಳುವ ಆ ಉದ್ದನೆಯ ತಾನುಗಳಿವೆಯಲ್ಲ (ತಾನು ಅಂದರೆ ಸ್ವರಗಳ ವೇಗದ ಸರಣಿ), ಕೆಳಗಿನ ಮಂದ್ರದಿಂದ ಹೊರಟು ಮೇಲಿನ ತಾರ ಸಪ್ತಕಕ್ಕೆ ಏರಿ, ಅಲ್ಲಿ ಒಮ್ಮೆ ಗುಡುಗಿ, ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಬೀಳುವ ತಾನುಗಳು, ಅವೆಲ್ಲ ಒಂದೇ ಉಸಿರಿನ ಕೆಲಸ. ಕೇಳುವವರಿಗೇ ಉಸಿರು ಕಟ್ಟುತ್ತದೆ. ಅದಕ್ಕೆ ಬೇಕಾದದ್ದು ಬರೀ ಗಾಳಿಯ ಪ್ರಮಾಣವಲ್ಲ, ಸ್ನಾಯುವಿನ ವೇಗ. ಪ್ರತಿ ಸ್ವರಕ್ಕೂ ಧ್ವನಿತಂತು ತನ್ನ ಬಿಗಿತ ಬದಲಿಸಬೇಕು. ಸ್ವರವನ್ನು ಅಲುಗಿಸುತ್ತ ಹಾಡುವ ಗಮಕ ತಾನಿನಲ್ಲಂತೂ ಪ್ರತಿ ಸ್ವರಕ್ಕೂ ಕೆಳಗಿನಿಂದ ಒಂದು ದಬ್ಬು ಬೇಕು.

ವಯಸ್ಸು ಮೊದಲು ಕೈ ಇಡುವುದು ಇದರ ಮೇಲೇ. ಎದೆಗೂಡಿನ ಮೃದ್ವಸ್ಥಿ ಗಟ್ಟಿಯಾಗುತ್ತ ಹೋಗಿ ಎದೆ ಅರಳುವುದು ಕಮ್ಮಿಯಾಗುತ್ತದೆ. ಪುಪ್ಪುಸದ ಹಿಗ್ಗು-ಕುಗ್ಗು ಸಡಿಲವಾಗಿ, ಹೊರಹಾಕಲಾಗದೆ ಒಳಗೇ ಉಳಿಯುವ ಗಾಳಿ ಹೆಚ್ಚುತ್ತದೆ. ಅಂದರೆ ಹಾಡಿಗೆ ಸಿಗುವ ಪಾಲು ಇಳಿಯುತ್ತದೆ. ಧ್ವನಿತಂತುವಿನ ಒಳಗಿನ ಸ್ನಾಯು ತೆಳುವಾಗಿ ಎರಡು ಮಡಿಕೆಗಳ ಮಧ್ಯೆ ಸಂದು ಉಳಿಯುತ್ತದೆ, ಅಲ್ಲಿಂದ ಗಾಳಿ ಸೋರುತ್ತದೆ. ಮುದುಕರ ದನಿಯಲ್ಲಿ ಬೆರೆತಿರುವ ಆ 'ಹ' ಇದೆಯಲ್ಲ, ಅದು ಈ ಸೋರಿಕೆಯ ಸದ್ದು. ಇದು ಕಾಯಿಲೆಯಲ್ಲ, ಬರೀ ಕಾಲ.

ಹಾಗಾಗಿ ಮೊದಲು ಹೋಗುವುದು ತಾನು. ಆಮೇಲೆ ತಾರ ಸಪ್ತಕದಲ್ಲಿ ನಿಲ್ಲುವ ತಾಕತ್ತು. ಆಮೇಲೆ ಕಛೇರಿಯ ಉದ್ದ. ಆಮೇಲೆ, ಎಷ್ಟೋ ತಡವಾಗಿ, ಸ್ವರ ಹಚ್ಚುವ ರೀತಿ. ಧಾರವಾಡದ ಕಡೆ 'ಷಡ್ಜ ಹಚ್ಚೋದು' ಅನ್ನುತ್ತೇವೆ, ದೀಪ ಹಚ್ಚಿದ ಹಾಗೆ. ಹಾಡಲು ಕೂತವರು ತಂಬೂರಿಯ ನಾದದೊಳಗೆ ಮೊದಲ ಸಾ ಇಟ್ಟ ಕೂಡಲೇ ಕೇಳುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅದಕ್ಕೆ ದಮ್ಮು ಬೇಕು, ಆದರೆ ಬಹಳವಲ್ಲ. ಬೇಕಾದದ್ದು ನಿಖರತೆ, ಅದು ಕಿವಿಯಲ್ಲಿ, ಮಿದುಳಿನಲ್ಲಿ ಇರುತ್ತದೆ.

ಭೀಮಸೇನರು ಕಲಿತ ಕಿರಾಣಾ ಘರಾಣೆಯ (ಘರಾಣೆ ಅಂದರೆ ಗಾಯನ ಪರಂಪರೆ) ತಾಲೀಮು ಇಲ್ಲಿ ಪ್ರಸ್ತುತ. ಬೇರೆ ಘರಾಣೆಗಳು ಲಯದ ಸಿಕ್ಕುಗಳನ್ನೋ ಅಪರೂಪದ ಜೋಡುರಾಗಗಳನ್ನೋ ತಮ್ಮ ಹೆಗ್ಗುರುತು ಮಾಡಿಕೊಂಡರೆ, ಕಿರಾಣಾದವರು ಒಂದೊಂದೇ ಸ್ವರವನ್ನು ಹಿಡಿದು, ಅದರಲ್ಲಿ ಬಹಳ ಹೊತ್ತು ನಿಂತು, ನಿಧಾನಕ್ಕೆ ರಾಗ ಬೆಳೆಸುವ ಬಢತ್ತನ್ನು ನಂಬಿದವರು. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಹುಡುಗ ಭೀಮಸೇನನಿಗೆ ವರ್ಷಗಟ್ಟಲೆ ಕಲಿಸಿದ್ದು ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ ಈ ಮೂರೇ ರಾಗ ಅನ್ನುತ್ತಾರೆ. ಬೆಳಗ್ಗೆ ಖರ್ಜದ ಸಾಧನೆ, ಅಂದರೆ ಮಂದ್ರದ ತಳದಲ್ಲಿ ದನಿಯನ್ನು ಇಳಿಬಿಟ್ಟು ನಿಲ್ಲಿಸುವುದು. ಹದಿಹರೆಯದ ಹುಡುಗನಿಗೆ ಇದಕ್ಕಿಂತ ಬೇಸರದ ಪಾಠ ಇನ್ನೊಂದಿರಲಾರದು. ಎಪ್ಪತ್ತು ವರ್ಷದ ನಂತರ ಕೈ ಹಿಡಿದದ್ದು ಅದೇ.

ಇದಕ್ಕೆ ಮಿದುಳಿನ ಕಡೆಯಿಂದಲೂ ಒಂದು ವಿವರಣೆ ಇದೆ. ನಾವು ನಿನ್ನೆ ತಿಂದದ್ದನ್ನು ನೆನೆಯುವುದು ಒಂದು ಬಗೆಯ ನೆನಪು, ಸೈಕಲ್ ಹೊಡೆಯುವುದು ಇನ್ನೊಂದು ಬಗೆಯದು. ಎರಡನೆಯದು ಮಿದುಳಿನ ಆಳದ ನರಗಂಟುಗಳಲ್ಲಿ, ಕಿರುಮಿದುಳಿನಲ್ಲಿ ಬೇರು ಬಿಟ್ಟಿರುತ್ತದೆ. ಹೆಸರು, ದಿನಾಂಕ, ಮುಖ ಮರೆತ ಮೇಲೂ ಅದು ಉಳಿಯುವುದುಂಟು. ರಿಯಾಜ್, ಅಂದರೆ ದಿನದಿನದ ಅಭ್ಯಾಸ, ಮಾಡುವುದೆಂದರೆ ಸ್ವರದ ಜಾಗವನ್ನು ಮೊದಲ ಬಗೆಯ ನೆನಪಿನಿಂದ ಎರಡನೆಯದಕ್ಕೆ ಇಳಿಸುವುದು. ಮಾತಿಗೂ ಹಾಡಿಗೂ ಮಿದುಳಿನಲ್ಲಿ ದಾರಿಗಳು ಪೂರ್ತಿ ಒಂದೇ ಅಲ್ಲ ಅನ್ನುವುದೂ ವೈದ್ಯರಿಗೆ ಗೊತ್ತಿರುವ ವಿಷಯ. ಎಡ ಮಿದುಳಿಗೆ ಪೆಟ್ಟು ಬಿದ್ದು ಒಂದು ವಾಕ್ಯ ಆಡಲಾಗದವರು ಪರಿಚಿತ ಹಾಡನ್ನು ಸಾಹಿತ್ಯ ಸಮೇತ ಹಾಡಿಬಿಡುವುದನ್ನು ನೋಡಿಯೇ, ಧಾಟಿಯ ಮೂಲಕ ಮಾತು ಮರಳಿಸುವ ಒಂದು ಚಿಕಿತ್ಸೆ 1970ರ ದಶಕದಲ್ಲಿ ರೂಪುಗೊಂಡಿತು. ಮಿದುಳಿನ ಶಸ್ತ್ರಚಿಕಿತ್ಸೆಯಾದ ಮೇಲೂ ಭೀಮಸೇನರು ಕಛೇರಿಗೆ ಮರಳಿದ್ದನ್ನು ಪವಾಡ ಅನ್ನುವ ಮುಂಚೆ ಇದನ್ನೂ ನೆನೆಯಬೇಕು. ಆಗ ಅವರಿಗೆ 77. ಪದ್ಮವಿಭೂಷಣ ಬಂದದ್ದೂ ಅದೇ 1999ರಲ್ಲಿ.

2005ರದ್ದು ನನ್ನ ಲೆಕ್ಕದಲ್ಲಿ ಗಾಯಕನಿಗೆ ಇನ್ನೂ ಹತ್ತಿರದ ಪೆಟ್ಟು. ಯಾಕೆಂದರೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಇರುವುದು ಎದೆಯ ಕೆಳಗಾದರೂ ಅದನ್ನಾಡಿಸುವ ನರ ಹೊರಡುವುದು ಕತ್ತಿನಿಂದ, ಕತ್ತಿನ ಮೂರು, ನಾಲ್ಕು, ಐದನೆಯ ನರಬೇರುಗಳಿಂದ. ಕತ್ತಿನ ಮುಂಭಾಗದಲ್ಲೇ ಧ್ವನಿತಂತುವನ್ನು ಆಡಿಸುವ ಇನ್ನೊಂದು ನರ ಹಾದುಹೋಗುತ್ತದೆ. ಅದು ಎದೆಯವರೆಗೆ ಇಳಿದು, ಸುತ್ತು ಹಾಕಿ, ಮತ್ತೆ ಗಂಟಲಿಗೆ ಏರುವ ವಿಚಿತ್ರ ದಾರಿಯ ನರ. ಹಾಗಾಗಿಯೇ ಕತ್ತಿನ ಯಾವುದೇ ಶಸ್ತ್ರಚಿಕಿತ್ಸೆ ಅಂದಾಗ ಹಾಡುವವರ ಎದೆ ಝಲ್ಲೆನ್ನುತ್ತದೆ. ಬೆನ್ನುಹುರಿಯ ಮೇಲಿನ ಒತ್ತಡ ಕೈಕಾಲಿನ ಹಿಡಿತವನ್ನೂ ಕೆಡಿಸುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ತಾಸುಗಟ್ಟಲೆ ಕೂರುವುದು ಹಿಂದೂಸ್ತಾನಿ ಗಾಯಕನಿಗೆ ಬರೀ ಶಿಸ್ತಲ್ಲ, ಹೊಟ್ಟೆ-ಬೆನ್ನು ದನಿಗೆ ಕೊಡುವ ಆಸರೆಯೂ ಹೌದು.

ಇನ್ನು ಭೀಮಸೇನರು ಹಾಡುವುದನ್ನು ನೋಡಿದವರಿಗೆ ಗೊತ್ತು: ಅವರು ಗಂಟಲಿನಿಂದಷ್ಟೇ ಹಾಡಿದವರಲ್ಲ. ತಾನು ಹೊರಟರೆ ಭುಜ ಹೊರಡುತ್ತಿತ್ತು, ಕತ್ತು ಬಾಗುತ್ತಿತ್ತು, ಕೈ ಗಾಳಿಯಲ್ಲಿ ಏನನ್ನೋ ಜಗ್ಗಿ ತರುತ್ತಿತ್ತು. ಇದನ್ನು ಅಣಕಿಸಿ ನಗಿಸಿದವರೂ ಇದ್ದಾರೆ. ಅಂಥವರಿಗೆ ಕತ್ತಿನ ಶಸ್ತ್ರಚಿಕಿತ್ಸೆ ಅಂದರೆ ಅರ್ಧ ಹಾಡಿಗೇ ಕತ್ತರಿ.

ಅಲ್ಲಿಗೆ ಪ್ರಶ್ನೆ ಬದಲಾಗುತ್ತದೆ. ದೇಹ ಇಷ್ಟನ್ನೆಲ್ಲ ಕಸಿದ ಮೇಲೆ ಹಾಡುವುದು ಹೇಗೆ? ಪರಂಪರೆಯಲ್ಲಿ ಇದಕ್ಕೆ ಉಪಾಯಗಳಿವೆ, ಗುಟ್ಟೇನೂ ಅಲ್ಲ. ಶ್ರುತಿಯನ್ನು ಅರ್ಧ ಮನೆ ಇಳಿಸುತ್ತಾರೆ. ಮಂದ್ರ-ಮಧ್ಯದಲ್ಲೇ ಜೀವ ಇರುವ ರಾಗ ಆರಿಸಿಕೊಳ್ಳುತ್ತಾರೆ. ಉದ್ದನೆಯ ವಾಕ್ಯವನ್ನು ಎರಡಾಗಿ ಮುರಿಯುತ್ತಾರೆ, ಮುರಿದ ಜಾಗದಲ್ಲಿ ತಂಬೂರಿ ಮಾತಾಡಲು ಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಆಸರೆ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯರು. ಗುರು ಸ್ವರ ಬಿಟ್ಟ ಕಡೆ ಶಿಷ್ಯ ಅದನ್ನು ಹಿಡಿದುಕೊಳ್ಳುತ್ತಾನೆ, ಗುರು ಉಸಿರು ತಂದುಕೊಂಡು ಬರುವವರೆಗೆ ದೀಪ ಆರದಂತೆ ನೋಡಿಕೊಳ್ಳುತ್ತಾನೆ, ಬಂದ ಕೂಡಲೇ ಹಿಂದೆ ಸರಿಯುತ್ತಾನೆ. ಈ ಹಿಂದೆ ಸರಿಯುವುದು ಕಲಿಯಲು ಹಾಡು ಕಲಿಯುವುದಕ್ಕಿಂತ ಕಷ್ಟ ಎಂದು ನನ್ನ ನಂಬಿಕೆ. ಪಾಶ್ಚಾತ್ಯ ಒಪೆರಾದಲ್ಲಿ ಇಂಥ ಏರ್ಪಾಡೇ ಇಲ್ಲ. ಅಲ್ಲಿ ಸ್ವರಲಿಪಿಯಲ್ಲಿ ಬರೆದ ಎತ್ತರದ ಸ್ವರ ಬಾರದಿದ್ದರೆ ಪಾತ್ರವೇ ಹೋಗುತ್ತದೆ. ನಮ್ಮಲ್ಲಿ ರಾಗ ಎಷ್ಟು ದೂರ ಹೋಗಬೇಕೆಂದು ತೀರ್ಮಾನಿಸುವವರು ಹಾಡುವವರೇ ಆದ್ದರಿಂದ ಎಂಬತ್ತು ದಾಟಿದವರಿಗೂ ವೇದಿಕೆಯಲ್ಲಿ ಜಾಗ ಉಂಟು.

ಭೀಮಸೇನರ ಗುರುಬಂಧು ಗಂಗೂಬಾಯಿ ಹಾನಗಲ್ಲರದು ಇದಕ್ಕೆ ಒಳ್ಳೆಯ ನಿದರ್ಶನ. ಅವರ ದನಿ ಒಂದಲ್ಲ, ಎರಡು. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ 'ಗಾಂಧಾರಿ' ಅನ್ನುವ ಹೆಸರಿನಲ್ಲಿ ಹೊರತಂದ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ತೆಳುವಾದ, ಎಳೆಯ ಹೆಣ್ಣುದನಿ. ಮುಂದೆ ಗಂಟಲ ಬೇನೆ, ಅದರ ಚಿಕಿತ್ಸೆ ಆದ ಮೇಲೆ ದನಿ ಕೆಳಕ್ಕೆ ಇಳಿದು, ಅಗಲವಾಗಿ, ಗಂಡುದನಿಯೇನೋ ಅನ್ನುವಷ್ಟು ಗಂಭೀರವಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ತಂಬೂರಿ ಗೋಡೆಗೆ ನೇತುಹಾಕುತ್ತಿದ್ದರು. ಅವರು ಆ ದನಿಗೆ ತಕ್ಕಂತೆ ಹಾಡನ್ನೇ ಹೊಸದಾಗಿ ಕಟ್ಟಿಕೊಂಡರು, ನಾವು ಇವತ್ತು ಗಂಗೂಬಾಯಿಯವರ ದನಿ ಎನ್ನುವುದು ಅದನ್ನೇ. ಅವರ ಹಿಂದೆ ಕೂತು ಜೀವನಪೂರ್ತಿ ದನಿಗೂಡಿಸಿದವರು ಮಗಳು ಕೃಷ್ಣಾ. ಆ ಮಗಳು 2004ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ತಾಯಿ ಅದಕ್ಕೂ ಸ್ವಲ್ಪ ಮುಂಚೆ ತಾವೇ ಅಸ್ಥಿಮಜ್ಜೆಯ ಕ್ಯಾನ್ಸರಿನಿಂದ ಪಾರಾಗಿ ಎದ್ದಿದ್ದರು. 2006ರ ಮಾರ್ಚ್‌ನಲ್ಲಿ, 93ರ ವಯಸ್ಸಿನಲ್ಲಿ, ಹಾಡಲು ತೊಡಗಿ 75 ವರ್ಷ ತುಂಬಿದ ನೆಪದಲ್ಲಿ ಕೊನೆಯ ಕಛೇರಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು, ಕಣ್ಣು ದಾನ ಮಾಡಿ.

ಈ ಇಬ್ಬರೂ ಶಿಷ್ಯರು ಕಾಯಿಲೆಯ ಎದುರು ಹಾಡು ಹೇಗಿರುತ್ತದೆ ಅನ್ನುವುದನ್ನು ತಮ್ಮ ಎಳೆ ವಯಸ್ಸಿನಲ್ಲೇ ಗುರುವಿನಲ್ಲಿ ಕಂಡಿದ್ದರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರಿಗೆ, 1942ರಲ್ಲಿ ಪಾರ್ಶ್ವವಾಯು ಬಡಿಯಿತು. ಆಗ ವಯಸ್ಸು 56. ಮರಾಠಿ ರಂಗಭೂಮಿಯಲ್ಲಿ, ಮೆಹಫಿಲುಗಳಲ್ಲಿ ಹೆಸರಾಗಿದ್ದವರ ಕಛೇರಿ ಜೀವನ ಅಲ್ಲಿಗೆ ಮುಗಿದಂತೆಯೇ. ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿ ಪಾಠ ಹೇಳಿಸಿಕೊಳ್ಳುತ್ತಿದ್ದ ಗಂಗೂಬಾಯಿಯವರ ತಾಲೀಮಿಗೂ ಅದರಿಂದ ಕಡಿವಾಣ ಬಿತ್ತು. ಪಾರ್ಶ್ವವಾಯು ಗಾಯಕನಿಗೆ ಮಾಡುವ ಅನ್ಯಾಯ ಒಂದು ಥರದಲ್ಲಿ ಎಲ್ಲಕ್ಕಿಂತ ಕ್ರೂರ. ಪುಪ್ಪುಸ ಇರುತ್ತದೆ, ಧ್ವನಿತಂತು ಇರುತ್ತದೆ, ಸ್ವರ ಎಲ್ಲಿದೆ ಅಂತ ಕಿವಿಗೆ ಗೊತ್ತಿರುತ್ತದೆ, ಆದರೆ ಅಪ್ಪಣೆ ಹೊತ್ತು ಹೋಗುವ ದಾರಿ ತುಂಡಾಗಿರುತ್ತದೆ. 1946ರ ಜನವರಿಯಲ್ಲಿ ಗುರುವಿಗೆ 60 ತುಂಬಿದ ಸಮಾರಂಭ ಪುಣೆಯಲ್ಲಿ ನಡೆಯಿತು. ಅಲ್ಲಿ ಹಾಡಿದ 23ರ ಹರೆಯದ ಭೀಮಸೇನ ಪುಣೆಯವರ ಕಣ್ಣಿಗೆ ಬಿದ್ದದ್ದು ಆಗಲೇ. ಗುರು ಹಾಡಲಾಗದೆ ಕೂತು ಕೇಳುತ್ತಿದ್ದರು, ಶಿಷ್ಯ ಹಾಡುತ್ತಿದ್ದ.

ಇನ್ನೊಂದು ತಲೆಮಾರು ಹಿಂದೆ ಹೋದರೆ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು. ಬಾಲಕ ಭೀಮಸೇನ ಗ್ರಾಮಫೋನ್ ತಟ್ಟೆಯಲ್ಲಿ ಇವರ ಠುಮರಿ ಕೇಳಿಯೇ ಹಾಡಿನ ಹುಚ್ಚು ಹತ್ತಿಸಿಕೊಂಡು ಮನೆಬಿಟ್ಟು ಓಡಿದ್ದು. 1937ರ ಅಕ್ಟೋಬರಿನಲ್ಲಿ ಖಾನರು ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆಬೇನೆ ಕಾಣಿಸಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ತಂಬೂರಿ ಶ್ರುತಿ ಮಾಡಿಸಿ, ನಮಾಜು ಮಾಡಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಕಣ್ಣು ಮುಚ್ಚಿದರು ಎಂಬುದು ಘರಾಣೆಯವರು ಹೇಳುತ್ತ ಬಂದ ಕಥೆ. ಕಥೆಗೆ ಎಷ್ಟು ಮೆರುಗು ಸೇರಿದೆಯೋ, ದರ್ಬಾರಿಯ ಆಯ್ಕೆಯಲ್ಲಿ ಮಾತ್ರ ದೇಹದ ತರ್ಕವೂ ಇದೆ. ಮಂದ್ರದಲ್ಲಿ, ಗಾಂಧಾರವನ್ನು ತೂಗುತ್ತ, ಅವಸರವಿಲ್ಲದೆ ಹಾಡುವ ರಾಗ ಅದು. ಸೋತ ಎದೆಗೆ ಅದಕ್ಕಿಂತ ದಯೆಯಿರುವ ರಾಗ ಸಿಕ್ಕದು.

ಮತ್ತೆ ಪುಣೆಗೆ. 2008ರ ನವೆಂಬರ್ 4ರಂದು ಭೀಮಸೇನರಿಗೆ ಭಾರತರತ್ನ ಘೋಷಣೆಯಾಯಿತು. ಕರ್ನಾಟಕ ರತ್ನ ಮೂರು ವರ್ಷ ಮುಂಚೆ ಬಂದಿತ್ತು. ಹಾಡಿಗೆ ಬದುಕು ಸವೆಸಿದ ಎಲ್ಲ ಹಿಂದೂಸ್ತಾನಿ ಗಾಯಕರ ಪರವಾಗಿ ಇದನ್ನು ಪಡೆಯುತ್ತೇನೆ ಎಂದರು. ದೆಹಲಿಗೆ ಹೋಗುವ ಸ್ಥಿತಿ ಇರಲಿಲ್ಲ. 2009ರ ಫೆಬ್ರವರಿಯಲ್ಲಿ ಪದಕವನ್ನು ಪುಣೆಯ ಮನೆಗೇ ತಂದು ಒಪ್ಪಿಸಿದರು. ಹನ್ನೊಂದನೆಯ ವಯಸ್ಸಿಗೆ ಟಿಕೆಟ್ಟಿಲ್ಲದೆ ರೈಲು ಹತ್ತಿ, ಗುರುವನ್ನು ಹುಡುಕುತ್ತ ಗ್ವಾಲಿಯರ್, ಕಲ್ಕತ್ತ, ಜಲಂಧರ್ ಸುತ್ತಿದ ಹುಡುಗ. ನಡುವಯಸ್ಸಿನಲ್ಲಿ ಕಛೇರಿಯಿಂದ ಕಛೇರಿಗೆ ವಿಮಾನ ಹತ್ತಿಳಿದ ಗಾಯಕ. ಈಗ ದೇಶದ ಅತಿ ದೊಡ್ಡ ಗೌರವ ಅವರ ಬಾಗಿಲಿಗೆ ಬರಬೇಕಾಯಿತು.

ಆಸ್ಪತ್ರೆಯ ದಿನಗಳನ್ನು ಬೇಗ ದಾಟುತ್ತೇನೆ. 2010ರ ಡಿಸೆಂಬರ್ 31ರಂದು ಜಠರ-ಕರುಳಿನ ರಕ್ತಸ್ರಾವ ಮತ್ತು ಎರಡೂ ಪುಪ್ಪುಸಗಳ ನ್ಯುಮೋನಿಯಾದಿಂದ ಪುಣೆಯಲ್ಲಿ ದಾಖಲಾದರು. ನ್ಯುಮೋನಿಯಾದಲ್ಲಿ ಗಾಳಿ ತುಂಬಬೇಕಾದ ಪುಟ್ಟ ಚೀಲಗಳಲ್ಲಿ ಕೀವು-ನೀರು ತುಂಬುತ್ತದೆ. ಎಷ್ಟು ಎಳೆದರೂ ಉಸಿರು ಸಾಲದು. ವೆಂಟಿಲೇಟರ್ ಬೇಕಾಯಿತು, ಆಮೇಲೆ ಡಯಾಲಿಸಿಸ್. ನಡುವೆ ಮೂರು ದಿನ ಚೇತರಿಸಿಕೊಂಡು ವೆಂಟಿಲೇಟರ್ ತೆಗೆದದ್ದೂ ಉಂಟು. ಮತ್ತೆ ಇಳಿಯಿತು. 2011ರ ಜನವರಿ 24ರಂದು ತೀರಿಕೊಂಡರು. 89 ತುಂಬಲು ಹನ್ನೊಂದು ದಿನ ಇತ್ತು. ವೆಂಟಿಲೇಟರಿನ ಕೊಳವೆ ಸಾಮಾನ್ಯವಾಗಿ ಹಾದುಹೋಗುವುದು ಎರಡು ಧ್ವನಿತಂತುಗಳ ನಡುವಿನಿಂದಲೇ. ಅದು ಅಲ್ಲಿರುವವರೆಗೆ ದನಿ ಹೊರಡಿಸಲಾಗದು. ವೈದ್ಯರಿಗೆ ಇದು ದಿನನಿತ್ಯದ ಮಾತು, ಸಂಗೀತದವರಿಗೆ ಅಲ್ಲ.

ಹಾಗಾದರೆ 2007ರದ್ದನ್ನು ಹೇಗೆ ಕೇಳಬೇಕು? 1970ರ ದಶಕದ ಒಂದು ಮುದ್ರಣವನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಹೋಲಿಸಿದರೆ ಕಿವಿಗೆ ಬೀಳುವುದು ಇಲ್ಲದ್ದರ ಪಟ್ಟಿ: ತಾನು ಇಲ್ಲ, ಗುಡುಗು ಇಲ್ಲ, ಉದ್ದ ಇಲ್ಲ. ಅದರ ಬದಲು ಕೊನೆಗಾಲದ ಹಾಡಿನಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯನ್ನು ಮಾತ್ರ ಗಮನಿಸಿ. ಮೀಂಡ್, ಅಂದರೆ ಆ ಜಾರು, ಎಲ್ಲಿ ಹೊರಟಿತು, ಎಲ್ಲಿ ತಡೆಯಿತು, ಹೇಗೆ ಇಳಿಯಿತು. ನಡುವಯಸ್ಸಿನ ಹಾಡಿನಲ್ಲಿ ಈ ದಾರಿ ಅಬ್ಬರದ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ, ನೀರು ತುಂಬಿದ ಕೆರೆಯ ತಳದಂತೆ. ನೀರು ಇಳಿದಾಗ ಮೆಟ್ಟಿಲು ಕಾಣುತ್ತದೆ. ಆ ಮೆಟ್ಟಿಲು ಕಟ್ಟಿದ್ದು 1930ರ ದಶಕದ ಕುಂದಗೋಳದಲ್ಲಿ. ಹೀಗೆ ಕೇಳಿದ ಮೇಲೂ ಇಷ್ಟವಾಗದೆ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಕನಿಕರಕ್ಕಾಗಿ ಚಪ್ಪಾಳೆ ತಟ್ಟುವುದಕ್ಕಿಂತ ಅದು ಒಳ್ಳೆಯದು.

ಭೀಮಸೇನರ ನಂತರ ಆ ಉತ್ಸವಕ್ಕೆ ಗುರು-ಶಿಷ್ಯ ಇಬ್ಬರ ಹೆಸರೂ ಸೇರಿತು, ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಎಂದು. ಅಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇದೆ. ಕೊನೆಯ ಕಲಾವಿದರು ಮುಗಿಸಿದ ಮೇಲೆ ಜನ ಎದ್ದು ಹೊರಡುವುದಿಲ್ಲ. ಸವಾಯಿ ಗಂಧರ್ವರ ಹಳೆಯ ತಟ್ಟೆಯೊಂದರ ಭೈರವಿ ಧ್ವನಿವರ್ಧಕದಲ್ಲಿ ಬರುತ್ತದೆ, ಕರಕರ ಸದ್ದಿನ ಸಮೇತ. ಪಾರ್ಶ್ವವಾಯು ಬಡಿಯುವ ಮುಂಚಿನ ದನಿ. ಅದು ಮುಗಿಯುವವರೆಗೆ ಎಲ್ಲರೂ ಸುಮ್ಮನೆ ಕೂತಿರುತ್ತಾರೆ.